ಲಾರಿಯ ತಗಡಿಗೆ ಹುಣಸೆಹಣ್ಣು

ಮಂತ್ರ ತಪ್ಪಿದರೆ ದೇವರು ಹೇಗೋ ಹೊಂದಿಕೊಳ್ಳುತ್ತಾನೆ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಈ ಪರದೇಶದ ಮನ್ರೋ ಊರಿನ ಕನ್ನಡದವರ ಮನೆಗಳಲ್ಲಿ ಪೂಜೆ ಮಾಡಿಸಿಕೊಂಡು ಬಂದಿದ್ದೇನೆ. ನನಗೆ ಬರುವುದು ಮೂರೂವರೆ ಮಂತ್ರ. ಆ ಅರ್ಧ ಮಂತ್ರ ಬಂದಾಗ ಗಂಟೆಯನ್ನು ಸ್ವಲ್ಪ ಜೋರಾಗಿ ಬಾರಿಸುತ್ತೇನೆ. ಮೈಸೂರಿನ ಕಡೆಯವನು, ಪಂಚೆ ಉಡಲು ಬರುತ್ತದೆ, ಗಂಟಲು ದಪ್ಪಗಿದೆ, ಇಷ್ಟೇ ನನ್ನ ಅರ್ಹತೆ. ಮಿಕ್ಕಂತೆ ವಾರದ ಐದು ದಿನ ಜರ್ಸಿ ಸಿಟಿಯ ಆಫೀಸೊಂದಕ್ಕೆ ಓಡಾಡಿ, ಕಂಪ್ಯೂಟರಿನಲ್ಲಿರುವ ಮಾಹಿತಿ ಕಳೆದುಹೋಗದಂತೆ ಬ್ಯಾಕಪ್ ತೆಗೆದಿಡುವುದು ನನ್ನ ಹೊಟ್ಟೆಪಾಡು. ಏನನ್ನೇ ಅಳಿಸುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ ಎಂದು ಹೊಸಬರಿಗೆ ಪಾಠ ಹೇಳುವವನೂ ನಾನೇ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಕಳೆಯಲು ಬೇಕಾಗುತ್ತದೆ.

ಬಸವರಾಜಣ್ಣ ಹುಬ್ಬಳ್ಳಿಯವರು. ಎಲ್ಲರೂ ಸಾಫ್ಟ್‌ವೇರ್, ಸಾಫ್ಟ್‌ವೇರ್ ಎಂದು ಕುಣಿಯುತ್ತಿದ್ದ ಆ ಕಾಲದಲ್ಲಿ ನಮ್ಮ ಪೈಕಿ ಅವರೊಬ್ಬರೇ ಸ್ವಂತ ಲಾರಿ ಇಟ್ಟುಕೊಂಡು ಬಂದರಿನಿಂದ ಅಕ್ಕಿ ಬೇಳೆಯ ಕಂಟೇನರುಗಳನ್ನು ಎಳೆದು ತರುತ್ತಿದ್ದರು. ನಾವು ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್‌ಗಳಲ್ಲಿ ಬಿಸಿಬೇಳೆಬಾತ್ ತಿಂದು ಊರಿನ ರುಚಿ ಎಂದು ಕಣ್ಣು ಮುಚ್ಚುತ್ತಿದ್ದೆವಲ್ಲ, ಆ ರುಚಿ ಬಂದದ್ದು ಆ ಲಾರಿಯ ಬೆನ್ನ ಮೇಲೆ. ಹೆಂಡತಿ ಗಿರಿಜಕ್ಕ ಪಕ್ಕದ ಸೀಟಿನಲ್ಲಿ ಕೂತು, ಮಡಿಲಲ್ಲಿ ಮ್ಯಾಪ್ ಹರವಿಕೊಂಡು ದಾರಿ ಹೇಳುತ್ತಿದ್ದರು. ಆಯುಧಪೂಜೆಯ ದಿನ ಬಾನೆಟ್ ಎತ್ತಿಸಿ, ಎಂಜಿನ್ನಿನ ಒಂದು ಮೂಲೆಗೆ ಸಾಸಿವೆ ಕಾಳಿನಷ್ಟು ಕುಂಕುಮ ಇಡುತ್ತಿದ್ದವರೂ ಅವರೇ. ಅವರು ಕ್ಯಾನ್ಸರಿನಿಂದ ತೀರಿಕೊಂಡ ವರ್ಷ ಬಸವರಾಜಣ್ಣ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದರು: “ಗಾಡಿ ಪೂಜಾ ಬಿಡಬ್ಯಾಡ್ರಿ ಅಂತ ಹೇಳಿ ಹೋಗ್ಯಾಳರಿ ಆಕಿ. ನನ್ನ ಕಡಿಂದ ಆಗವಲ್ದು. ನೀವ ಮಾಡಿಕೊಡ್ರಿ.”

ಯಾರಾದರೂ ಹೀಗೆ ಕೇಳಿದರೆ ನಾನು ಅತಿಯಾಗಿ ಮಾಡಿಬಿಡುತ್ತೇನೆ, ಅದು ನನ್ನ ಜಾಯಮಾನ. ಬಾನೆಟ್ ಎತ್ತಿ ನೋಡಿದರೆ ಒಳಗೆಲ್ಲ ಎಣ್ಣೆ ಜಿಡ್ಡು. ನಡುವೆ ಅಂಗೈ ಅಗಲದ ಒಂದು ಲೋಹದ ತಗಡು ಮಾತ್ರ ಹಣೆಯ ಹಾಗೆ ಸಪಾಟಾಗಿತ್ತು. ಅದರ ಮೇಲೆ ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರಗಳು. ಕಾರಿನ ಹೊಗೆಪರೀಕ್ಷೆ ಎಂದರೆ ಮೆಕ್ಯಾನಿಕ್ಕಿಗೆ ಕೀಲಿಕೈ ಕೊಟ್ಟು ಕಾಫಿ ಕುಡಿಯುವವನಿಗೆ ಆ ಅಕ್ಷರಗಳ ಬೆಲೆ ಹೇಗೆ ಗೊತ್ತಾಗಬೇಕು? ಮೂರು ಬೆರಳು ವಿಭೂತಿ ಎಳೆದು, ಅರಿಶಿನ ಮೆತ್ತಿ, ಕುಂಕುಮವನ್ನು ಧಾರಾಳವಾಗಿ ಬಳಿದೆ. ಮಾರನೆಯ ವರ್ಷ ಹಳೆಯ ಕುಂಕುಮ ಕಚ್ಚಿಕೊಂಡಿತ್ತು. ನಮ್ಮಮ್ಮ ದೀಪದ ಕಂಬ ತಿಕ್ಕುತ್ತಿದ್ದುದು ನೆನಪಾಗಿ, ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ತೆಗೆದುಕೊಂಡು ಹೋಗಿ ಆ ತಗಡನ್ನು ತಿಕ್ಕಿದೆ. ಅದರ ಮರುವರ್ಷವೂ ತಿಕ್ಕಿದೆ, ಇನ್ನಷ್ಟು ಭಕ್ತಿಯಿಂದ. ತಗಡು ಫಳಫಳ ಹೊಳೆಯಿತು. ಬಸವರಾಜಣ್ಣ ಸುಮ್ಮನೆ ನೋಡುತ್ತಾ ನಿಂತಿದ್ದರು. ಮೆಚ್ಚಿದ್ದಾರೆಂದು ನಾನು ಒಳಗೊಳಗೇ ಉಬ್ಬಿದೆ.

ಆಮೇಲೆ ಬಂದರಿನಲ್ಲಿ ಹೊಸ ನಿಯಮ ಬಂತು. ಹೊಗೆಯಿಂದ ಊರಿನ ಗಾಳಿ ಕೆಟ್ಟಿದೆ, ಹಳೆಯ ಲಾರಿಗಳು ಸರ್ಟಿಫಿಕೇಟ್ ಇಲ್ಲದೆ ಒಳಗೆ ಬರುವಂತಿಲ್ಲ ಎಂದು. ನಿಯಮ ಒಳ್ಳೆಯದೇ. ಬಸವರಾಜಣ್ಣನ ಲಾರಿ ಹಳೆಯದಾದರೂ ಹಿಂದಿನ ಮಾಲೀಕ ಅದಕ್ಕೆ ಹೊಸ ಕಾಲದ ಎಂಜಿನ್ ಕೂರಿಸಿದ್ದ. ಹೊಗೆ ಸೋಸುವ ಫಿಲ್ಟರೊಂದನ್ನು ಹಾಕಿಸಿದರೆ ಪಾಸಾಗುತ್ತಿತ್ತು. ಹಾಕಿಸಿದರು. ಸರ್ಟಿಫಿಕೇಟಿನ ಫಾರಂ ತುಂಬಿದವನು ನಾನೇ ಆದ್ದರಿಂದ ರಜೆ ಹಾಕಿ ಜೊತೆಗೆ ಹೋದೆ. ಇನ್‌ಸ್ಪೆಕ್ಟರು ಟಾರ್ಚ್ ಹಿಡಿದು ಬಗ್ಗಿ, ಎಂಜಿನ್ನಿನ ವರ್ಷ ಬರೆದಿರುವ ತಗಡನ್ನು ಹುಡುಕಿದರು. ಸಿಕ್ಕಿತು. ಅದರಲ್ಲಿ ಅಕ್ಷರಗಳ ಬದಲು ಅವರ ಟಾರ್ಚೇ ಕಾಣಿಸಿತು. ಎಂಜಿನ್ ಬದಲಿಸಿದ ಕಾಗದಗಳು ಎಂದೋ ಕಳೆದಿದ್ದವು. ಆ ಎಂಜಿನ್ ತಯಾರಿಸಿದ ಕಂಪನಿ ಬಾಗಿಲು ಹಾಕಿತ್ತು. ಆ ತಗಡೊಂದೇ ಸಾಕ್ಷಿ. ಅದನ್ನು ಅಳಿಸುವ ಮೊದಲು ನಾನು ಒಂದು ಪ್ರತಿ ಇಟ್ಟುಕೊಂಡಿರಲಿಲ್ಲ.

“ಇದಕ್ಕೇನಾಯಿತು, ಸರ್?” ಎಂದು ಇನ್‌ಸ್ಪೆಕ್ಟರು ಇಂಗ್ಲಿಷಿನಲ್ಲಿ ಮರ್ಯಾದೆಯಿಂದಲೇ ಕೇಳಿದರು. ಹುಣಸೆಹಣ್ಣು, ದೀಪದ ಕಂಬ, ಆಯುಧಪೂಜೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟು, ಪೂರ್ತಿ ಕೇಳಿ, ಮತ್ತೆ ಪೆನ್ನು ಎತ್ತಿಕೊಂಡು ಫೇಲ್ ಎಂದು ಬರೆದರು.

ವಾಪಸ್ಸು ಬರುವಾಗ ನಾನು ಗಿರಿಜಕ್ಕನ ಸೀಟಿನಲ್ಲಿ ಕೂತಿದ್ದೆ. “ತಪ್ಪು ನನ್ನದು ಬಸವರಾಜಣ್ಣ,” ಎಂದೆ.

“ಗೊತ್ತೈತ್ರಿ. ಹ್ವಾದ ವರ್ಷಾನ ಅಕ್ಷರ ಮಾಸಿದ್ದು ನೋಡಿದ್ದೆ.”

“ಮತ್ತೆ ಯಾಕೆ ತಡೀಲಿಲ್ಲ ನೀವು?”

ಸಿಗ್ನಲ್ ಹಸಿರಾಯಿತು, ಅವರು ಗೇರ್ ಹಾಕಿದರು. “ಆಕಿ ಹ್ವಾದ ಮ್ಯಾಲೆ ಈ ಗಾಡೀನ ಅಷ್ಟು ಅಕ್ಕರತಿಲೆ ಮುಟ್ಟಿದವರು ನೀವೊಬ್ಬರರಿ. ಹ್ಯಾಂಗ ಬ್ಯಾಡ ಅನ್ಲಿ?”

ನನಗೆ ಅಳು ಬಂತು. ಕಿಟಕಿಯ ಕಡೆ ತಿರುಗಿ, ಬೋರ್ಡುಗಳನ್ನು ಓದುವವನಂತೆ ನಟಿಸಿದೆ.

ಬಂದರಿನೊಳಗೆ ಬಿಡದ ಆ ಲಾರಿಯನ್ನು ಕೊನೆಗೆ ಗುಜರಿಗೆ ಕೊಡಬೇಕಾಯಿತು. ಹಳೆಯ ಲಾರಿಗಳನ್ನು ಗುಜರಿಗೆ ತೆಗೆದುಕೊಳ್ಳುವಾಗ ಅವು ಮತ್ತೆಂದೂ ಓಡದಂತೆ ಎಂಜಿನ್ನಿಗೆ ಒಂದು ತೂತು ಕೊರೆಯುತ್ತಾರೆ. ಕೊರೆಯುವಾಗ ನಾವಿಬ್ಬರೂ ಪಕ್ಕದಲ್ಲೇ ನಿಂತಿದ್ದೆವು. ಆ ಸದ್ದಿನ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ. ಈಗ ಬಸವರಾಜಣ್ಣ ಒಂದು ಕಂಪನಿಯ ಲಾರಿ ಓಡಿಸುತ್ತಾರೆ. ಹೊಸದು, ಹೊಗೆಯೇ ಇಲ್ಲ. ಅದರ ಬಾನೆಟ್ ಎತ್ತಲು ಡ್ರೈವರುಗಳಿಗೆ ಅನುಮತಿಯೂ ಇಲ್ಲ.

ಈ ಸಲ ಆಯುಧಪೂಜೆಗೆ ನಾನು ಅವರನ್ನು ಕರೆದಿರಲಿಲ್ಲ, ಮುಖ ಇರಲಿಲ್ಲ. ಅವರೇ ಬಂದರು. ಕರವಸ್ತ್ರ ಬಿಚ್ಚಿ, ಗುಜರಿಯವರನ್ನು ಕೇಳಿ ಬಿಚ್ಚಿಸಿಕೊಂಡಿದ್ದ ಆ ತಗಡನ್ನು ದೇವರ ಮುಂದೆ, ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟರು. “ಈಗ ಎಷ್ಟು ಬೇಕಾದ್ರೂ ಹಚ್ರಿ, ಯಾರೂ ಕೇಳಂಗಿಲ್ಲ,” ಎಂದು ನಕ್ಕರು. ಕುಂಕುಮದ ಬಟ್ಟಲು ಹಿಡಿದು ಬಗ್ಗಿದೆ. ತಗಡಿನಲ್ಲಿ ಓದುವಂಥದ್ದು ಏನೂ ಉಳಿದಿರಲಿಲ್ಲ, ನನ್ನ ಮುಖವೊಂದು ಕಾಣುತ್ತಿತ್ತು. ಅದರ ಒಂದು ಮೂಲೆ ಹುಡುಕಿ, ಸಾಸಿವೆ ಕಾಳಿನಷ್ಟು ಕುಂಕುಮ ಇಟ್ಟೆ.