ಪಾಠದೊಳಗೆ ಆನೆ ನುಗ್ಗಿದ್ದು

ದೊಡ್ಡವರು ಮಾತಿಗೆ ಕೂತರೆ ವಿಷಯವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮಾತಾಡುತ್ತಾರೆ. ಹೆಣ್ಣು ನೋಡಲು ಬಂದವರು ಮಂಡಿನೋವಿನ ಎಣ್ಣೆಯ ಗುಣಗಾನ ಮಾಡಿ, ಉಪ್ಪಿಟ್ಟು ತಿಂದು, ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಎಂಟು ವರ್ಷದ ಮಗು ಮಾತ್ರ ಹತ್ತು ಸಾಲಿನ ಪಾಠ ಓದಿದ ಕೂಡಲೇ ‘ಇದರ ಮುಖ್ಯ ವಿಷಯ ಇಂಥದ್ದು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬೇಕು. ಹಾಗೆ ಹೇಳಿಸುವುದೇ ನನ್ನ ಉದ್ಯೋಗ.

ಗುಂಡ್ಲುಪೇಟೆಯಲ್ಲಿ ಹುಟ್ಟಿದ ನಾನು ಮದುವೆಯಾಗಿ ಗಡಿಯಾಚೆ ತಮಿಳುನಾಡಿನ ಮಸಿನಗುಡಿಗೆ ಬಂದು, ಪಕ್ಕದ ಮಾವನಲ್ಲ ಎಂಬ ಊರಿನ ಸಣ್ಣ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಟೀಚರಾದೆ. ಪುಸ್ತಕ ತಮಿಳಿನದು, ಮಕ್ಕಳ ಮನೆಮಾತು ಬೆಂಚಿಗೊಂದು, ನನ್ನ ತಮಿಳೋ ಸಂತೆಯಲ್ಲಿ ಚೌಕಾಸಿ ಮಾಡಿ ಕಲಿತದ್ದು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. “ಆಫೀಸರ್ ಬಂದು ನಿಮ್ಮ ಪಾಠ ನೋಡ್ತಾರೆ. ಚೆನ್ನಾಗಿದೆ ಅಂದರೆ ಇಲ್ಲೇ ಇರ್ತೀರಿ” ಎಂದರು ಹೆಡ್‌ಮಿಸ್ಟ್ರೆಸ್. ಚೆನ್ನಾಗಿಲ್ಲ ಅಂದರೆ ಏನೆಂದು ಅವರು ಹೇಳಲಿಲ್ಲ. ಅಷ್ಟನ್ನು ಊಹಿಸಿಕೊಳ್ಳುವ ಬುದ್ಧಿ ನನಗಿತ್ತು.

ಅಂದಿನ ಪಾಠ ಹೀಗಿತ್ತು: ಮುತ್ತು ಎಂಬ ರೈತ ಬಾಳೆ ನೆಡುತ್ತಾನೆ. ಆನೆ ಬಂದು ತಿಂದು ಹೋಗುತ್ತದೆ. ಮುತ್ತು ಎದೆಗುಂದದೆ ಮತ್ತೆ ನೆಡುತ್ತಾನೆ. ಮುಖ್ಯ ವಿಷಯ, ಬಿಡದ ಪ್ರಯತ್ನ. ಬರೆದ ಪುಣ್ಯಾತ್ಮರು ಆನೆಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿರಬೇಕು. ಅದಕ್ಕೆ ಕೊಟ್ಟದ್ದು ಒಂದೇ ಸಾಲು.

ಆಫೀಸರು ಹಿಂದಿನ ಪುಟ್ಟ ಬೆಂಚಿನಲ್ಲಿ ಕಾಲು ಮಡಚಿ ಕೂತರು. ನಾನು ಪಾಠ ಓದಿಸಿ, “ಈ ಕತೆ ಯಾವುದರ ಬಗ್ಗೆ?” ಎಂದೆ.

“ಆನೆ, ಮಿಸ್!” ಇಡೀ ತರಗತಿ ಕೂಗಿತು.

“ಆನೆ ಒಂದೇ ಸಲ ಬರುತ್ತಲ್ಲ, ಕಂದಾ?”

“ಒಂದು ಸಲ ಬಂದರೆ ಸಾಲದಾ, ಮಿಸ್?” ಎಂದಳು ಹರಿಣಿ. ಅವಳಪ್ಪ ಪ್ರವಾಸಿಗರಿಗೆ ಜೀಪಿನಲ್ಲಿ ಆನೆ ತೋರಿಸುವವನು. ಕಾಡೆಲ್ಲ ಸುತ್ತಿದರೂ ಕಾಣದ ಆನೆ ಎಷ್ಟೋ ಸಲ ಅವನ ಹಿತ್ತಿಲಲ್ಲೇ ನಿಂತಿರುತ್ತದಂತೆ.

ನಾನು ದಾರಿ ಬದಲಿಸಿದೆ. “ಮುತ್ತು ಮತ್ತೆ ಬಾಳೆ ನೆಟ್ಟ. ಹಾಗಾದರೆ ಮುತ್ತು ಎಂಥವನು?”

“ದಡ್ಡ, ಮಿಸ್” ಎಂದಳು ಹರಿಣಿಯೇ.

“ಯಾಕಮ್ಮಾ?”

“ಮತ್ತೆ ಬಾಳೆನೇ ನೆಟ್ಟನಲ್ಲ! ರುಚಿ ಹತ್ತಿದ ಮೇಲೆ ಅದು ಬರದೆ ಇರುತ್ತಾ?”

ತರಗತಿ ಒಮ್ಮತದಿಂದ ಮುತ್ತುವನ್ನು ದಡ್ಡನೆಂದು ತೀರ್ಮಾನಿಸಿತು. ಒಬ್ಬ ತಂತಿ ಬೇಲಿ ಹಾಕಬೇಕಿತ್ತೆಂದ, ಇನ್ನೊಬ್ಬಳು ಮೆಣಸಿನಕಾಯಿ ಹೊಗೆ ಎಂದಳು, ಮತ್ತೊಬ್ಬ ಬೆಂಚು ಹತ್ತಿ ಘೀಳಿಟ್ಟು ತೋರಿಸಿದ. “ಪ್ರಯತ್ನ... ಬಿಡದೆ...” ಎಂದು ನಾನು ಅಂಗಲಾಚಿದ್ದು ಆ ಘೀಳಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಆಫೀಸರು ಎದ್ದು ನಿಂತರು. ಅವರು ನನ್ನನ್ನು ದಾಟಿಕೊಂಡು ನೇರ ಹರಿಣಿಯ ಹತ್ತಿರ ಹೋದರು.

“ಆನೆ ಕಿವಿ ಬೀಸದೆ ಸುಮ್ಮನೆ ನಿಂತು ನೋಡಿದರೆ ಏನಮ್ಮಾ ಅರ್ಥ?”

“ಓಡಬೇಕು ಅಂತ ಅರ್ಥ, ಸಾರ್.”

ಆಫೀಸರ ಮುಖ ಬಿಳಿಚಿತು. ಬೆಳಿಗ್ಗೆ ತಿರುವಿನಲ್ಲಿ ಅವರ ಸ್ಕೂಟರಿಗೆ ಎದುರಾದ ಆನೆ ಹಾಗೆಯೇ ನಿಂತಿತ್ತಂತೆ. ಅದು ತಮಗೆ ದಾರಿ ಬಿಡುತ್ತಿದೆ ಎಂದುಕೊಂಡು ಅವರು ಕೈಮುಗಿದು ನಿಂತಿದ್ದರಂತೆ! ಆಮೇಲೆ ಅವರು ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಬೋರ್ಡಿನ ಮೇಲೆ ತಿರುವು, ಸ್ಕೂಟರ್, ಆನೆ ಎಲ್ಲ ಬರೆದು, ಬೆಲ್ ಹೊಡೆಯುವವರೆಗೆ ಕತೆ ಹೇಳಿದರು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಹೋಗುವಾಗ, “ಎಂಥ ಪಾಠ, ಮೇಡಂ! ಮಕ್ಕಳು ಎಷ್ಟು ಚೆನ್ನಾಗಿ ತಿಳಕೊಂಡಿದ್ದಾರೆ!” ಎಂದರು. ಏನನ್ನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮುತ್ತುವಿನ ಹೆಸರನ್ನಂತೂ ಯಾರೂ ಎತ್ತಲಿಲ್ಲ.

ಕೆಲಸ ಖಾಯಂ ಆಯಿತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಪಾಠದ ಮುಖ್ಯ ವಿಷಯ ಹುಡುಕಿಸುವುದು ಹೇಗೆಂದು ಸುತ್ತಲಿನ ಶಾಲೆಗಳ ಟೀಚರುಗಳಿಗೆ ನಾನೇ ಹೇಳಿಕೊಡಬೇಕೆಂದು ಆದೇಶವೂ ಬಂತು. ಹೋದ ಶನಿವಾರ ಅವರೆದುರು ನಿಂತೆ. ಆಫೀಸರ ಸ್ಕೂಟರಿನಿಂದ ಶುರುಮಾಡಿದವಳು ಟೀ ಬರುವ ಹೊತ್ತಿಗೆ ನನ್ನ ತಮ್ಮನ ಮದುವೆಯ ಪಾಯಸಕ್ಕೆ ಬಂದು ಮುಟ್ಟಿದ್ದೆ. ಎಲ್ಲರೂ ತಲೆದೂಗಿ ಚಪ್ಪಾಳೆ ತಟ್ಟಿದರು. ಮುಖ್ಯ ವಿಷಯ ಯಾವುದೆಂದು ಒಬ್ಬರೂ ಕೇಳಲಿಲ್ಲ. ಪಾಪ, ಮರ್ಯಾದಸ್ಥರು.