ಬ್ಯಾಂಜೊ ಯುಕ್ಕಿಗೆ ಮೊದಲು ಹದಿನೇಳು ಶಾಲು

ಧನಪಾಲ ಕೇಳಿದ್ದು ಒಂದೇ ಮಾತು. "ಬಾರಸೂದು ಯಾವಾಗ ಶುರು ಆಗ್ತೈತ್ರಿ?"

ಅದನ್ನೂ ಪಕ್ಕದವನಿಗಷ್ಟೇ ಕೇಳುವಂತೆ ಮೆಲ್ಲಗೆ ಕೇಳಿದ್ದ. ಆದರೆ ಪಕ್ಕದಲ್ಲಿದ್ದವನು ನಿರೂಪಕ ಮುರಗೆಪ್ಪ, ಅವನ ಕೈಯಲ್ಲಿ ಮೈಕು.

"ದಿಗ್ಗೇವಾಡಿಯಿಂದ ಬಂದಂಥ ಧನಪಾಲ ಅವರಿಗೆ ಕೇಳೂ ಆಸೆ ತಡ್ಯಾಕ ಆಗವಲ್ದು. ಇಂಥಾ ರಸಿಕರು ಎಲ್ಲಿ ಸಿಗ್ತಾರ್ರಿ? ಅವರಿಗೂ ಒಂದು ಸತ್ಕಾರ ಆಗ್ಲಿ."

ಚಪ್ಪಾಳೆ ಬಿತ್ತು. ಹತ್ತು ಶಾಲುಗಳ ಸಾಲಿನ ಬಾಲಕ್ಕೆ ಹನ್ನೊಂದನೆಯದು ಸೇರಿಕೊಂಡಿತು.

ಅದು ಕೃಷ್ಣಾತೀರ ಯುಕುಲೇಲಿ ಪ್ರೇಮಿ ಮಂಡಳದ ತಿಂಗಳ ಸಭೆ. ನಡೆಯುವುದು ಐಗಳಿಯಲ್ಲಿ, ಅಧ್ಯಕ್ಷ ಭೂಪಾಲ ಅಣ್ಣನ ಒಣದ್ರಾಕ್ಷಿ ಶೆಡ್ಡಿನಲ್ಲಿ. ಇಪ್ಪತ್ತೆರಡು ಮಂದಿ ಸದಸ್ಯರು ನಾಕು ತಂತಿಯ ಪುಟ್ಟ ವಾದ್ಯವನ್ನು ಕೈಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಧನಪಾಲನಿಗೆ ಬಾರಿಸಲು ಬರುತ್ತಿರಲಿಲ್ಲ. ಅವನದು ಸುಟ್ಟ ಪಂಪು ಮೋಟಾರಿಗೆ ತಂತಿ ಸುತ್ತುವ ಅಂಗಡಿ. ವಾರವೆಲ್ಲ ಬುರ್ರ್ ಎಂಬುದನ್ನೇ ಕೇಳಿದ ಕಿವಿಗೆ ಒಂದಿಷ್ಟು ಟಣ್ ಎಂಬುದು ಬೇಕಾಗಿತ್ತು, ಅಷ್ಟೇ. ಅದರಲ್ಲೂ ಇವತ್ತು ನಿಪ್ಪಾಣಿಯ ರಾಜಾರಾಮ ಬ್ಯಾಂಜೊ ಯುಕ್ ತಂದಿದ್ದ. ಕುತ್ತಿಗೆ ಯುಕುಲೇಲಿಯದು, ಹೊಟ್ಟೆ ಚರ್ಮ ಬಿಗಿದ ಹಲಗೆಯದು. ಅದನ್ನು ಕಣ್ಣೆದುರು ಕೇಳಬೇಕೆಂದು ಧನಪಾಲ ಮೂರು ತಿಂಗಳಿಂದ ಕಾದಿದ್ದ.

ಕಾಯಿಸುತ್ತಿದ್ದುದು ಮಂಡಳದ ಪದ್ಧತಿ. ಮೊದಲು ಸತ್ಕಾರ. ಶಾಲು ಹೊದಿಸಿದವನಿಗೆ ಇನ್ನೊಬ್ಬ ಹೊದಿಸಬೇಕು, ಆ ಇನ್ನೊಬ್ಬನನ್ನು ಸುಮ್ಮನೆ ಬಿಟ್ಟರೆ ಅವನ ಬೀಗರು ಸಿಟ್ಟಾಗುತ್ತಾರೆ. ಸದಸ್ಯರಲ್ಲಿ ಮುಕ್ಕಾಲು ಮಂದಿ ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಶಾಲು ಮುಗಿದು ಸೂರ್ಯ ಇಳಿಯುವ ನಡುವೆ ಎಷ್ಟು ಉಳಿಯುತ್ತದೋ ಅಷ್ಟೇ ಸಂಗೀತ. ಹೋದ ತಿಂಗಳು ಹನ್ನೊಂದು ನಿಮಿಷ ಉಳಿದಿತ್ತು. ಅದು ಶ್ರುತಿ ಮಾಡುವುದರಲ್ಲಿ ಹೋಯಿತು.

"ನನಗ ಬ್ಯಾಡ್ರಿ ಅಣ್ಣಾ, ನನ್ನ ಸತ್ಕಾರ ಬಿಟ್ಟಬಿಡ್ರಿ. ಐದ ಮಿನಿಟ ಉಳೀತಾವ," ಎಂದ ಧನಪಾಲ.

ಭೂಪಾಲ ಅಣ್ಣನ ಕಣ್ಣು ತೇವವಾಯಿತು. "ಏನ್ ವಿನಯ ನೋಡ್ರಿ ಈ ಮನಷ್ಯಾಂದು. ಇವರಿಗೆ ಬರೇ ಶಾಲು ಸಾಲೂದಿಲ್ಲ. ಫೇಟಾ ತರ್ರಿ."

ತಲೆಗೆ ಫೇಟಾ ಸುತ್ತುವವನು ಕಬ್ಬಿನ ತೂಕದ ಕಾಟಾದ ಕಾರಕೂನ. ಪ್ರತಿ ಸುತ್ತಿಗೂ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಬಿಚ್ಚುತ್ತಿದ್ದ. ಎಂಟು ನಿಮಿಷ ಹೋದವು.

ತಲೆಯ ಮೇಲೆ ಕೇಸರಿ ಬುಟ್ಟಿ ಹೊತ್ತವನಂತೆ ವೇದಿಕೆಯಿಂದ ಇಳಿದ ಧನಪಾಲ ಒಂದು ನಿರ್ಧಾರಕ್ಕೆ ಬಂದ. ಶಾಲೇ ಇಲ್ಲದಿದ್ದರೆ ಸತ್ಕಾರ ಎಲ್ಲಿಂದ? ಎಲ್ಲರಿಗೂ ಅವಲಕ್ಕಿ ಚೂಡಾ ಹಂಚುತ್ತಿದ್ದ ಗದ್ದಲದಲ್ಲಿ ಶಾಲಿನ ಗಂಟನ್ನು ಎತ್ತಿಕೊಂಡು ಹೋಗಿ ಪಂಪುಮನೆಯಲ್ಲಿ ಬಚ್ಚಿಟ್ಟು, ಏನೂ ಅರಿಯದವನಂತೆ ಬಂದು ಕೂತ.

"ಶಾಲಿನ ಗಂಟು ಕಾಣವಲ್ದು," ಮುರಗೆಪ್ಪ ಮೈಕಿನಲ್ಲಿ ಹೇಳಿದ. "ಎಲ್ಲಾರೂ ಒಂದೊಂದ ಕಡೆ ಹುಡುಕ್ರಿ."

ಇಪ್ಪತ್ತೆರಡು ಮಂದಿ ಯುಕುಲೇಲಿ ಕೆಳಗಿಟ್ಟು ಎದ್ದರು. ದ್ರಾಕ್ಷಿ ಅದ್ದುವ ತೊಟ್ಟಿಯಲ್ಲಿ ಇಣುಕಿದರು. ಒಬ್ಬರು ಮತ್ತೊಬ್ಬರ ಕಾರಿನ ಡಿಕ್ಕಿ ತೆಗೆಸಿ ನೋಡಿದರು, ಅದರಿಂದ ಎರಡು ಹಳೆಯ ಜಗಳಗಳು ಎದ್ದವು. ಹೊದಿಸುವುದಕ್ಕಿಂತ ಹುಡುಕುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಧನಪಾಲನಿಗೆ ಹೊಳೆಯುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ಓಡಿಹೋಗಿ ಗಂಟು ತಂದ.

"ಪಂಪುಮನ್ಯಾಗ ಇತ್ತ ನೋಡ್ರಿ."

"ಮಂಡಳದ ಮಾನ ಉಳಿಸಿದ್ರಿ," ಎಂದ ಭೂಪಾಲ ಅಣ್ಣ ಅಲ್ಲಿಯೇ ಗಂಟು ಬಿಚ್ಚಿ ಅವನಿಗೆ ಇನ್ನೊಂದು ಶಾಲು ಹೊದಿಸಿದ.

ಹದಿನಾರನೆಯ ಶಾಲು ಮುಗಿಯುವ ಹೊತ್ತಿಗೆ ಭೂಪಾಲ ಅಣ್ಣನ ಹೆಂಡತಿ ಕಾಶಿಬಾಯಿ ಸೌಟು ಹಿಡಿದೇ ಶೆಡ್ಡಿಗೆ ಬಂದಳು. "ಏಳ್ರಿ ಎಲ್ಲಾರೂ. ಹೊತ್ತ ಮುಣಗಾಕ ಬಂತು. ಹುಗ್ಗಿ ಆರಿ ತಣ್ಣಗಾಗಾಕತ್ತೈತಿ."

ಯುಕುಲೇಲಿಗಳು ಚೀಲ ಸೇರಿದವು. ಶೆಡ್ಡಿನ ಆ ತುದಿಯಲ್ಲಿ ಪಂಕ್ತಿ ಕೂತಿತು. ಹೊತ್ತಿನ ಹಂಗಿಲ್ಲದ ರಾಜಾರಾಮನೊಬ್ಬನೇ ತನ್ನ ವಾದ್ಯದ ಪೆಟ್ಟಿಗೆಯ ಪಕ್ಕ ಉಳಿದಿದ್ದ. ಧನಪಾಲ ಅವನ ಮುಂದೆ ಹೋಗಿ ಕುಕ್ಕರಿಸಿದ.

"ಸಾವಕಾರ್ರ, ನನಗೊಬ್ಬನಿಗೇ ಒಂದೀಟ ಬಾರಿಸ್ರಿ. ಮೂರ ತಿಂಗಳಾತು."

"ಕೇಳಾವ್ರೊಬ್ಬರು ಸಿಕ್ಕರಲ್ಲ," ಎಂದು ರಾಜಾರಾಮ ಪೆಟ್ಟಿಗೆ ತೆರೆದ. ಬ್ಯಾಂಜೊ ಯುಕ್ಕಿನ ಬಿಳಿ ಚರ್ಮ ಈಗಷ್ಟೇ ಬಡಿದ ರೊಟ್ಟಿಯಂತೆ ಹೊಳೆಯಿತು. ರಾಜಾರಾಮ ಬೆರಳು ಎತ್ತಿದ. ಧನಪಾಲ ಕಣ್ಣು ಮುಚ್ಚಿದ.

"ಧನಪಾಲಪ್ಪಾ, ಎಲಿ ಹಾಕೇನಿ. ಏಳು," ಕಾಶಿಬಾಯಿಯ ದನಿ ನೆತ್ತಿಯ ಮೇಲೆಯೇ ಕೇಳಿತು.

ಈಗ ಎದ್ದರೆ ಕೆಟ್ಟಿತು. ಹುಟ್ಟಿದಾಗಿನಿಂದ ಒಂದು ಹೊತ್ತಿನ ಅವಲಕ್ಕಿಯನ್ನೂ ಬಿಡದ ಧನಪಾಲನ ಬಾಯಿ ತಾನಾಗಿಯೇ ಆಡಿತು. "ಒಲ್ಲೆರಿ ವೈನಿ. ನಂದು ಇವತ್ತ ಉಪವಾಸ."

ಕಾಶಿಬಾಯಿಯ ಸೌಟು ಕೆಳಗಿಳಿಯಿತು. "ಎಷ್ಟ ದಿನದ್ದಪಾ?"

ಒಂದೇ ದಿನ ಎಂದರೆ ಮಜ್ಜಿಗೆಯನ್ನಾದರೂ ಕುಡಿ ಎಂದು ಕಾಡುತ್ತಾಳೆ ಎಂದುಕೊಂಡು, ಅವಳು ಬೇಗ ಹೋಗಲಿ ಎಂದೇ, "ಮೂರ ದಿನದ್ದು," ಎಂದ.

"ಖರೇನರಿ," ಪಂಕ್ತಿಯಿಂದ ಮುರಗೆಪ್ಪ ಸಾಕ್ಷಿ ಹೇಳಿದ. "ಚೂಡಾ ಹಂಚುವಾಗೂ ಇವರು ಎದ್ದ ಹೊರಗ ಹೋಗಿದ್ರು. ನಾ ಕಣ್ಣಾರೆ ನೋಡೇನಿ."

ಜೈನರಲ್ಲಿ ಮೂರು ದಿನದ ಉಪವಾಸ ಎಂದರೆ ದೊಡ್ಡ ತಪಸ್ಸು. ಹುಗ್ಗಿಗೆ ಕೈ ಹಾಕಿದ್ದವರೆಲ್ಲ ಎದ್ದು ಬಂದರು. ವಯಸ್ಸಾದವರೂ ಅವನ ಕಾಲು ಮುಟ್ಟಿದರು. ಹದಿನೇಳನೆಯ ಶಾಲು ಅವನ ಹೆಗಲೇರಿತು. ಧನಪಾಲ ಶಾಲುಗಳ ನಡುವಿನಿಂದ ರಾಜಾರಾಮನನ್ನು ಹುಡುಕಿದ. ಅವನು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಕೈಮುಗಿದು ನಿಂತಿದ್ದ.

"ನಂದೆಲ್ಲಾ ಸಿನಿಮಾ ಧಾಟಿರಿ. ತಪಸ್ವಿಗಳ ಮುಂದ ಅದನ್ನ ಬಾರಿಸಿ ಪಾಪ ಕಟ್ಟಿಕೊಳ್ಳಾಂವ ನಾ ಅಲ್ಲ."

"ನನಗ ನಡೀತೈತ್ರಿ."

"ನಿಮಗ ನಡೀತೈತಿ. ಅದು ನಿಮ್ಮ ದೊಡ್ಡತನ. ನನಗ ನಡ್ಯಾಂಗಿಲ್ಲ."

"ಇಂಥವರನ್ನ ಮೋಟಾರ್‌ಸೈಕಲ್ ಮ್ಯಾಲೆ ಕಳಸೂದು ಬ್ಯಾಡ," ಎಂದು ಭೂಪಾಲ ಅಣ್ಣ ಡ್ರೈವರನನ್ನು ಕರೆದು ತನ್ನ ಕಾರು ತರಿಸಿದ. ಕಾಶಿಬಾಯಿಯೂ ಹತ್ತಿ ಕೂತಳು. ದಿಗ್ಗೇವಾಡಿಯವರೆಗೆ ತಾನೇ ಬಂದು, ಧನಪಾಲನ ಹೆಂಡತಿ ಸ್ನೇಹಲಳಿಗೆ ಹೇಳಿ, ಮೂರು ದಿನ ಅಡುಗೆಮನೆಯ ವಾಸನೆಯೂ ಇವನ ಹತ್ತಿರ ಸುಳಿಯದಂತೆ ವ್ಯವಸ್ಥೆ ಮಾಡುವುದು ಅವಳ ಸಂಕಲ್ಪ.

"ವೈನಿ, ನಿಮ್ಮ ಊಟ?" ಕೊನೆಯ ಆಸೆಯಿಂದ ಕೇಳಿದ ಧನಪಾಲ.

"ನಿನ್ನ ನೋಡಿ ನನ್ನ ಹೊಟ್ಟಿ ತುಂಬೇತಪಾ."

ಕಾರು ಅಂಗಳ ದಾಟಿ ದ್ರಾಕ್ಷಿ ತೋಟದ ದಾರಿಗೆ ಹೊರಳಿತು. ಆಗ ಹಿಂದೆ, ಶೆಡ್ಡಿನಿಂದ, ತಗಡಿನ ಮೇಲೆ ಆಲಿಕಲ್ಲು ಸುರಿದಂತೆ ಟಣಟಣ ಎಂದು ಬ್ಯಾಂಜೊ ಯುಕ್ ಶುರುವಾಯಿತು. ತಪಸ್ವಿಗಳು ಹೋದರೆಂದು ರಾಜಾರಾಮ ಪಂಕ್ತಿಯವರಿಗೆ ಬಾರಿಸುತ್ತಿದ್ದ. ಧನಪಾಲ ಫೇಟಾ ಸಮೇತ ತಲೆಯನ್ನು ಕಿಟಕಿಯ ಹೊರಗೆ ತೂರಿಸಿದ. ಎರಡು ಸುತ್ತು ಟಣಟಣ ಕಿವಿಗೆ ಬಿತ್ತು, ಮೂರನೆಯದು ಬರುವುದರಲ್ಲಿತ್ತು.

ಕಾಶಿಬಾಯಿ ಅವನ ತೋಳು ಹಿಡಿದು ಒಳಕ್ಕೆಳೆದು ಗಾಜು ಏರಿಸಿದಳು.

"ತಲಿ ಒಳಗ ತಗೋಪಾ. ಉಪಾಸ ಇದ್ದ ಜೀವ, ಕಿವಿಗೆ ಗಾಳಿ ಹೊಕ್ಕೀತು."