ಬಿಚ್ಚಿ ಹಾಕುವ ದುರ್ಬೀನು

ಬಂದೂಕು ರಿಪೇರಿ ಅಂಗಡಿಗೆ ಬರೋರೆಲ್ಲ ಮೀಸೆ ತಿರುವಿಕೊಂಡೇ ಬರ್ತಾರೆ. ಹೋಗೋದ್ರೊಳಗೆ ಏನಾದ್ರೊಂದು ಎಡವಟ್ಟು ಮಾಡಿ ನನ್ನನ್ನು ನಗಿಸಿಯೇ ಹೋಗ್ತಾರೆ. ಹೊಸನಗರದಲ್ಲಿ ಅಪ್ಪ ಇಟ್ಟಿದ್ದ ಅಂಗಡಿ ಇದು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಮಾಡಿಸ್ಕೊಂಡು ನಾನೇ ನಡೆಸ್ತಿದ್ದೀನಿ. ಎಷ್ಟೋ ಬಂದೂಕು ಬಂದು ಹೋಗಿವೆ. ಆದ್ರೆ ತೀರ್ಥಹಳ್ಳಿ ಕಡೆಯ ಒಬ್ಬ ರಿಟೈರ್ಡ್ ಸುಬೇದಾರರ ರೈಫಲ್ ಕೊಟ್ಟಷ್ಟು ಮಜಾ ಇನ್ಯಾವುದೂ ಕೊಟ್ಟಿಲ್ಲ.

೧. ಯಜಮಾನರು ಎಲ್ಲಿ?

ಸುಬೇದಾರರು ಕಂಬಳಿ ಸುತ್ತಿದ ರೈಫಲ್ ಹಿಡ್ಕೊಂಡು ಬಾಗಿಲಲ್ಲೇ ನಿಂತರು.

"ಯಜಮಾನರು ಇಲ್ವಾ?"

"ಇದ್ದಾರೆ. ಮನೇಲಿ ಸಾರಿಗೆ ಒಗ್ಗರಣೆ ಹಾಕ್ತಿದ್ದಾರೆ. ಬಂದೂಕು ನನ್ನ ಕೈಗೆ ಕೊಡಿ."

ಸ್ವಲ್ಪ ಹೊತ್ತು ನನ್ನ ಬಳೆ ನೋಡಿದರು, ಆಮೇಲೆ ಕಂಬಳಿ ಬಿಚ್ಚಿದರು. ಹಳೇ ಮಿಲಿಟರಿ ರೈಫಲ್. ಅವರಪ್ಪನ ಕಾಲದ್ದು, ಈಗಲೂ ಮುಖ ಕಾಣುವಷ್ಟು ಮಿಂಚ್ತಿತ್ತು.

ವಿಷಯ ಇಷ್ಟು. ದೀಪಾವಳಿ ಮುಗಿದ ಮೇಲೆ ಮೇಗರವಳ್ಳಿ ಹತ್ರ ಲೈಸೆನ್ಸ್ ಇರೋರೆಲ್ಲ ಪರ್ಮಿಷನ್ ತಗೊಂಡು ಸೇರ್ತಾರೆ. ಗುಂಡು ತಡೆಯೋ ಎತ್ತರದ ಮಣ್ಣಿನ ದರೆ ಮುಂದೆ ತೆಂಗಿನಕಾಯಿ ಕಟ್ಟಿ ಹೊಡೆಯೋ ಪಂದ್ಯ. ಒಂದು ಕಾಲಕ್ಕೆ ಸುಬೇದಾರರದ್ದೇ ದರ್ಬಾರು. ಈಗೀಗ ಕಣ್ಣು ಮಂಜು, ಎರಡು ವರ್ಷದಿಂದ ಕಾಯಿ ತಪ್ಪಿಹೋಗ್ತಿದೆ. ಮಾಸ್ತಿಕಟ್ಟೆಯಲ್ಲಿರೋ ಅವರ ಹೆಂಡತಿಯ ಅಣ್ಣ, ಅಂದ್ರೆ ಭಾವ, ಊರೆಲ್ಲ ಹೇಳ್ಕೊಂಡು ನಗ್ತಿದ್ದಾರೆ. ಕೊನೆಗೆ ಹೆಂಡತಿಯೂ ತೀರ್ಪು ಕೊಟ್ಟರಂತೆ: "ಎಲೆಕ್ಷನ್ ಬಂದಾಗೆಲ್ಲ ಅದನ್ನ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸೋಕೆ ಹೊತ್ತು ನಿಮ್ಮ ಸೊಂಟ ಹೋಯ್ತು, ಆ ಸೊಂಟಕ್ಕೆ ಎಣ್ಣೆ ತಿಕ್ಕಿ ನನ್ನ ಕೈ ಹೋಯ್ತು. ಈ ಸಲ ಕಾಯಿ ಒಡೀಲಿಲ್ವೋ, ಬಂದೂಕು ಅಣ್ಣನ ಮನೆಗೆ."

"ದುರ್ಬೀನು ಕೂರಿಸಿ ಕೊಡಮ್ಮ," ಅಂದರು ಸುಬೇದಾರರು. "ಆದ್ರೆ ಒಂದು ತೂತೂ ಕೊರೀಬಾರ್ದು. ಅದು ಅಪ್ಪನ ಮೈ ಇದ್ದಂಗೆ."

ತೂತು ಕೊರೆಯದೆ ಕೂರಿಸಿ, ಬೇಕಾದಾಗ ಬಿಚ್ಚೋ ಮೌಂಟು, ಅಂದ್ರೆ ದುರ್ಬೀನು ಹಿಡಿದಿಡೋ ಪಟ್ಟಿ, ಇದೆ ಅಂತ ಸಮಾಧಾನ ಹೇಳಿ ಕೆಲಸಕ್ಕೆ ಕೈ ಹಾಕಿದೆ. ನೋಡಿದ್ರೆ ಈ ಮಹಾರಾಯರು ಗಟ್ಟಿಯಾಗಿ ಕಣ್ಣು ಮುಚ್ಕೊಂಡಿದ್ದಾರೆ!

"ಇದು ಡ್ರಿಲ್ಲಲ್ಲ ಸುಬೇದಾರ್ರೇ, ಸ್ಕ್ರೂಡ್ರೈವರ್."

"ಗೊತ್ತು ಮಾರಾಯ್ತಿ. ಯುದ್ಧ ನೋಡಿದ್ದೀನಿ. ಇದನ್ನ ನೋಡೋಕಾಗಲ್ಲ."

೨. ಶನಿವಾರದ ದೇವರು

ಆ ಮೌಂಟು ಕೂರಬೇಕಾದ್ರೆ ಹಿಂದಿನ ಸೈಟು, ಅಂದ್ರೆ ಕಣ್ಣಿನ ಹತ್ರ ಇರೋ ಗುರಿ ನೋಡುವ ಕಬ್ಬಿಣದ ತುಂಡು, ಅದನ್ನ ಕಳಚಬೇಕು. ಅದು ಕೂತಿದ್ದ ಜಾಗಕ್ಕೇ ಸ್ಕ್ರೂ ಹಾಕಿ ಮೌಂಟು ಬಿಗಿಯೋದು. ಕಳಚಿದ್ದನ್ನ ಕಾಗದದಲ್ಲಿ ಸುತ್ತಿ ಸುಬೇದಾರರ ಕೈಗೆ ಕೊಟ್ಟೆ.

"ಜೋಪಾನ. ದುರ್ಬೀನು ಬಿಚ್ಚಿದಾಗ ಇದನ್ನ ವಾಪಸ್ ಹಾಕ್ಲೇಬೇಕು. ಇಲ್ದಿದ್ರೆ ಗುರಿ ನೋಡೋಕೆ ಏನೂ ಇರಲ್ಲ."

ಕೆಲವು ದಿನ ಬಿಟ್ಟು ಅವರ ಹೆಂಡತಿ ಫೋನ್ ಮಾಡಿದರು.

"ತಂಗಿ, ಇವ್ರು ನಿನ್ನ ಅಂಗಡಿಯಿಂದ ಎಂತದೋ ಕಬ್ಬಿಣ ತಂದು ದೇವರ ಮನೇಲಿ ಮಾವನ ಫೋಟೋ ಮುಂದೆ ಇಟ್ಟಿದ್ದಾರೆ. ನಾನು ದಿನಾ ಕುಂಕುಮ ಇಡ್ತಿದ್ದೀನಿ. ಅದು ಯಾವ ದೇವರು ಅಂತ ಕೇಳೋಣ ಅಂತ."

"ದೇವರಲ್ಲ ಅಕ್ಕಾ! ಬಂದೂಕಿನ ಸೈಟು."

"ಹೌದಾ! ಹಾಗಾದ್ರೆ ಪೂಜೆ ನಿಲ್ಲಿಸ್ಲಾ?"

"ಶುರು ಮಾಡಿದ್ದೀರಲ್ಲ, ಇರ್ಲಿ ಬಿಡಿ. ನೀರು ಮಾತ್ರ ಹಾಕ್ಬೇಡಿ, ತುಕ್ಕು ಹಿಡಿಯುತ್ತೆ. ವಾರಕ್ಕೊಂದ್ಸಲ ಎಣ್ಣೆ ಸವರಿ."

"ಎಣ್ಣೇನಾ?" ಅವರ ದನಿಯಲ್ಲಿ ಭಕ್ತಿ ಬಂತು. "ನಂಗೆ ಮೊದಲೇ ಅನುಮಾನ ಇತ್ತು. ಇದು ಶನಿವಾರದ ದೇವರೇ."

೩. ಹುಬ್ಬಿನ ಮೇಲಿನ ಚಂದ್ರ

ಕಣ್ಣನ್ನ ದುರ್ಬೀನಿಗೆ ತೀರಾ ಹತ್ರ ಇಡಬೇಡಿ, ಬಂದೂಕು ಹಿಂದಕ್ಕೆ ಒದೆಯುತ್ತೆ ಅಂತ ಸಾರಿ ಸಾರಿ ಹೇಳಿದ್ದೆ. ಕೇಳಿದ್ರೆ ತಾನೇ! ಗುರಿ ಅಭ್ಯಾಸ ಮಾಡೋ ರೇಂಜಿನಲ್ಲಿ ಮೊದಲ ಗುಂಡಿಗೇ ದುರ್ಬೀನಿನ ಅಂಚು ಬಡಿದು ಹುಬ್ಬಿನ ಮೇಲೆ ಅರ್ಧಚಂದ್ರ ಮೂಡಿತು. ಸಾಗರದ ಕಣ್ಣಿನ ಡಾಕ್ಟರ ಹತ್ರ ತೋರಿಸ್ಕೊಂಡು, ಪ್ಲಾಸ್ಟರ್ ಅಂಟಿಸ್ಕೊಂಡೇ ನನ್ನ ಅಂಗಡಿಗೆ ಬಂದರು.

"ಡಾಕ್ಟರು ಏನಂದ್ರು?"

"ಕಣ್ಣಿಗೆ ಏನೂ ಆಗಿಲ್ಲ, ಮನೇಲಿ ಸ್ವಲ್ಪ ಹೊಂದ್ಕೊಂಡು ಹೋಗಿ ಅಂದ್ರು."

"ಎಂತಕ್ಕೆ?"

"ಹೆಂಡತಿ ಸೌಟಲ್ಲಿ ಹೊಡೆದ್ಲು ಅಂತ ಹೇಳಿದ್ದೆ. ಊರಲ್ಲೂ ಹಾಗೇ ಹೇಳಿದ್ದೀನಿ. ದುರ್ಬೀನಿನ ಸುದ್ದಿ ಭಾವನಿಗೆ ಗೊತ್ತಾಗಬಾರ್ದಲ್ಲ!"

"ಅಯ್ಯೋ, ಮಿಲಿಟರಿಯವರಾಗಿ ಮರ್ಯಾದೆ ಹೋಗಲ್ವಾ?"

"ಹೆಂಡತಿ ಕೈಲಿ ಏಟು ತಿಂದ್ರೆ ಯಾರ ಮರ್ಯಾದೇನೂ ಹೋಗಲ್ಲಮ್ಮ. ಊರಲ್ಲಿ ಎಲ್ರೂ ತಿಂತಾರೆ. ದುರ್ಬೀನು ಹಾಕ್ಸಿದೆ ಅಂದ್ರೆ ಹೋಗುತ್ತೆ."

೪. ಒಡೆದ ಕಾಯಿ

ಪಂದ್ಯದ ದಿನ ನಾನೂ ಹೋಗಿದ್ದೆ, ಸುಬೇದಾರರ ಹೆಂಡತಿಯೂ ಬಂದಿದ್ದರು. ಸುಬೇದಾರರು ಕಂಬಳಿ ಬಿಚ್ಚಿದ್ದೇ ತಡ, ಭಾವ ಕೂಗಿದರು:

"ದುರ್ಬೀನು! ಕುಣೀಲಿಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ಇದ್ರಲ್ಲಿ ನಮ್ಮಜ್ಜೀನೂ ಹೊಡೀತಿದ್ಲು."

ಪಂದ್ಯ ನಡೆಸೋರು ಗುಸುಗುಸು ಮಾತಾಡ್ಕೊಂಡು, ದುರ್ಬೀನು ನಡೆಯಲ್ಲ ಅಂದರು. ಸುಬೇದಾರರು ಜಗ್ಗಲಿಲ್ಲ. ಎದೆ ಸೆಟೆಸಿ, "ಬಿಚ್ಚೋದೇನು ಮಹಾ, ಬಿಚ್ಚೋದನ್ನೇ ಹಾಕ್ಸಿದ್ದು ನಾನು!" ಅಂತ ಎಲ್ಲರ ಎದುರು ಸ್ಕ್ರೂ ತಿರುಗಿಸಿ ಮೌಂಟು ಸಮೇತ ಕಳಚಿ ನನ್ನ ಕೈಗಿಟ್ಟರು. ಬಂದೂಕಿನ ಮೇಲೆ ಆ ಜಾಗ ಬೋಳು ಬೋಳು.

"ಸುಬೇದಾರ್ರೇ, ಸೈಟು?"

ಅವರು ನಾಲಿಗೆ ಕಚ್ಕೊಂಡರು. "ದೇವರ ಮನೇಲಿ."

ಭಾವ ಆಗಲೇ ಕಂಬಳಿ ಕೊಡವಿ ಹೆಗಲಿಗೆ ಹಾಕ್ಕೊಂಡಿದ್ದರು, ಬಂದೂಕು ಸುತ್ತಿ ಒಯ್ಯೋಕೆ. ನಿಜ ಹೇಳ್ತೀನಿ, ನನಗೆ ಅಳು ಬಂತು. ಅವರಪ್ಪನ ನೆನಪಿಗೆ ಉಳಿದಿದ್ದು ಅದೊಂದೇ. ಸುಬೇದಾರರು ಒಂದ್ಸಲ ಹೆಂಡತಿಯ ಕಡೆ ನೋಡಿದರು. ಆಮೇಲೆ ಮಲಗಿ, ಬರೀ ನಳಿಗೆ ನೋಡ್ಕೊಂಡು ಗುಂಡು ಹಾರಿಸಿದರು.

ಢಂ!

ಕಾಯಿಗೆ ಏನೂ ತಾಗಲಿಲ್ಲ. ಕಟ್ಟಿದ್ದ ಹಗ್ಗ ಕತ್ತರಿಸಿಹೋಯ್ತು. ಕಾಯಿ ಕೆಳಗಿನ ಕಲ್ಲಿನ ಮೇಲೆ ಬಿದ್ದು ಫಟ್ ಅಂತ ಎರಡು ಹೋಳಾಯ್ತು.

"ಲೆಕ್ಕಕ್ಕಿಲ್ಲ!" ಭಾವ ಕುಣಿದಾಡಿದರು. "ಗುಂಡು ತಾಗಿದ್ದು ಹಗ್ಗಕ್ಕೆ, ಕಾಯಿ ಒಡೆದಿದ್ದು ಕಲ್ಲು!"

ಪಂದ್ಯ ನಡೆಸೋರು ತಲೆ ಕೆರ್ಕೊಂಡರು. ಕರಾರು ಹಾಕಿದ್ದು ಹೆಂಡತಿ, ಹಾಗಾಗಿ ಎಲ್ಲರೂ ಅವರ ಮುಖ ನೋಡಿದರು. ಅವರು ಸೆರಗು ಸಿಕ್ಕಿಸ್ಕೊಂಡು ಹೋಗಿ, ಎರಡೂ ಹೋಳು ಎತ್ತಿ, ಮಣ್ಣು ಒರೆಸಿ ಚೀಲಕ್ಕೆ ಹಾಕ್ಕೊಂಡರು.

"ಅಣ್ಣಾ, ದೇವಸ್ಥಾನದಲ್ಲಿ ಭಟ್ಟರು ಕಾಯಿ ಎಲ್ಲಿ ಒಡೀತಾರೆ?"

"ಕಲ್ಲಿನ ಮೇಲೆ."

"ದೇವರು ಯಾವತ್ತಾದ್ರೂ ಲೆಕ್ಕಕ್ಕಿಲ್ಲ ಅಂದಿದ್ದಾನಾ?"

ಭಾವನ ಹೆಗಲಿಂದ ಕಂಬಳಿ ಎಳ್ಕೊಂಡು ತಾವೇ ಬಂದೂಕಿಗೆ ಸುತ್ತುತ್ತಾ ಆಯಮ್ಮ ಗಂಡನಿಗೆ ಹೇಳಿದರು:

"ಏಳಿ, ಮನೆಗೆ ಹೋಗೋಣ. ಇವತ್ತು ಶನಿವಾರ. ಸೈಟಿಗೆ ಎಣ್ಣೆ ಸವರೋದು ಬಾಕಿ ಇದೆ."